ಹೆಣ ಬಿಡದ ಪ್ರೋಗ್ರಾಂ

ನೀರು ಸರಬರಾಜು ಕಚೇರಿಯ ಎರಡನೇ ಮಹಡಿಯಲ್ಲಿ, ಮೆಟ್ಟಿಲು ಹತ್ತಿದ ಕೂಡಲೇ ಎಡಕ್ಕೆ, ಗೋಡೆಗೆ ಮುಖ ಮಾಡಿ ಕೂರುವ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಅದು ಹಾಜರಿ ಪುಸ್ತಕದಲ್ಲಿ ಮಾತ್ರ ಬಳಕೆಯಲ್ಲಿದೆ. ಉಳಿದಂತೆ ಕಸ ಗುಡಿಸುವವರಿಂದ ಹಿಡಿದು ಮುಖ್ಯ ಇಂಜಿನಿಯರ್ ಸಾಹೇಬರ ತನಕ ಎಲ್ಲರಿಗೂ ಆಕೆ ಪಂಚನಾಮೆ ಮೇಡಂ. ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಆಕೆಯ ಕೆಲಸ. ಪ್ರೋಗ್ರಾಂ ಒಂದು ನಡುದಾರಿಯಲ್ಲಿ ಸತ್ತು ಬಿದ್ದರೆ ಲೋಕದ ಜನ ಅದನ್ನು ಮತ್ತೆ ಎಬ್ಬಿಸಿ ಕೂರಿಸಿ ಮುಂದೆ ಹೋಗುತ್ತಾರೆ. ಈಕೆ ಆ ಜಾತಿಯವಳಲ್ಲ. ಯಾಕೆ ಸತ್ತಿತು, ಎಷ್ಟು ಹೊತ್ತಿಗೆ ಸತ್ತಿತು, ಸಾಯುವಾಗ ಕೈಯಲ್ಲಿ ಏನು ಹಿಡಿದಿತ್ತು ಎಂದು ತಿಳಿಯುವ ತನಕ ಆಕೆಗೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ.

ಇದು ಹುಟ್ಟುಗುಣ. ಎಂಟು ವರ್ಷದವಳಿದ್ದಾಗ ಮನೆಯ ಗೋಡೆ ಗಡಿಯಾರ ನಿಂತುಹೋಯಿತು. ರಿಪೇರಿಯವನು ಬಂದರೆ ಈಕೆ ಬಾಗಿಲಿಗೆ ಅಡ್ಡ ನಿಂತಳಂತೆ. “ಯಾಕೆ ನಿಂತಿತು ಅಂತ ಮೊದಲು ಹೇಳಿ, ಆಮೇಲೆ ಮುಟ್ಟಿ.” ಇವತ್ತಿಗೂ ಆಕೆಯ ಅಕ್ಕ ಮನೆಗೆ ಬಂದವರಿಗೆಲ್ಲ ಈ ಕಥೆ ಹೇಳುತ್ತಾಳೆ. “ಇವಳ ದೆಸೆಯಿಂದ ಮೂರು ದಿನ ನಮ್ಮ ಮನೇಲಿ ಟೈಮೇ ಇರಲಿಲ್ಲ!”

ಅಕ್ಕನ ಮಾತೆಂದರೆ ಅರಳು ಹುರಿದಂತೆ. ಅಕ್ಕ, ಭಾವ ಕೆಳಗಿನ ಮನೆಯಲ್ಲಿ, ತಂಗಿ ಮೇಲಿನ ಎರಡು ಕೋಣೆಯಲ್ಲಿ. ಸಂಜೆಯ ಚಹಾ ಮಾತ್ರ ಕೆಳಗೆ, ಅಕ್ಕನ ಅಡುಗೆಮನೆಯ ಕಾಲು ಅಲ್ಲಾಡುವ ಮೇಜಿನ ಸುತ್ತ. ಭಾವನದು ಅಳೆದು ತೂಗಿ ಆಡುವ ಮಾತು ಎಂದು ಮದುವೆಗೆ ಮುಂಚೆ ಯಾರೋ ಹೇಳಿದ್ದರು. ಅಳೆಯುವುದೂ ಇಲ್ಲ, ತೂಗುವುದೂ ಇಲ್ಲ, ಒಟ್ಟಿನಲ್ಲಿ ಮಾತೇ ಇಲ್ಲ ಎನ್ನುವುದು ಆಮೇಲೆ ಗೊತ್ತಾಯಿತು. ಇಬ್ಬರಿಗೂ ಸೇರಿಸಿ ಮೇಲಿನವನು ಕೊಟ್ಟ ಮಾತನ್ನು ಅಕ್ಕ ಒಬ್ಬಳೇ ಖರ್ಚು ಮಾಡುತ್ತಾಳೆ, ಭಾವ ತಲೆಯಾಡಿಸಿ ಲೋಟ ತೊಳೆದಿಡುತ್ತಾರೆ. ಅವರೂ ಇದೇ ಇಲಾಖೆಯವರು. ಕಚೇರಿಯಿಂದ ಸ್ಕೂಟರಿನಲ್ಲಿ ಕಾಲು ಗಂಟೆ ದೂರದ ಪಂಪ್‌ಹೌಸಿನಲ್ಲಿ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರರ ಪಾಳಿ. ನಾಲ್ಕು ಪಂಪು, ಆರು ವಾಲ್ವು, ಮೇಲೊಂದು ದೊಡ್ಡ ತೊಟ್ಟಿ. ಇಪ್ಪತ್ತೆರಡು ವರ್ಷದಿಂದ ಅವುಗಳ ಜೊತೆಗೇ ಇದ್ದಾರೆ, ಅವುಗಳ ಸದ್ದಿನಲ್ಲೇ ಅವರ ಹೊಟ್ಟೆ ತಣ್ಣಗಿರುತ್ತದೆ.

ಮೂರು ತಿಂಗಳ ಹಿಂದೆ ಪಂಪ್‌ಹೌಸಿಗೆ ಹೊಸ ಕಂಪ್ಯೂಟರ್ ಬಂತು. ವಾಲ್ವು ತೆರೆಯುವುದು, ಮುಚ್ಚುವುದು, ಪಾಳಿ ಮುಗಿಯುವಾಗ ಟಿಪ್ಪಣಿ ಬರೆಯುವುದು ಎಲ್ಲ ಅದರಲ್ಲೇ. ದಪ್ಪ ರಟ್ಟಿನ ಹಳೆಯ ರಿಜಿಸ್ಟರ್ ಬೀರು ಸೇರಿತು. ಎರಡು ತಿಂಗಳು ಎಲ್ಲ ಸರಿಯಿತ್ತು. ಮೂರನೆಯ ತಿಂಗಳು ಆ ಪ್ರೋಗ್ರಾಂ ಸಾಯತೊಡಗಿತು. ಸಾಯುತ್ತಿದ್ದುದು ಭಾವನ ಪಾಳಿಯಲ್ಲೇ, ಅದೂ ಊಟದ ನಂತರ, ಎರಡೂವರೆ ಮೂರರ ನಡುವೆ. ಪ್ರೋಗ್ರಾಂ ಸತ್ತರೆ ವಾಲ್ವು ತೆರೆದದ್ದು ತೆರೆದ ಹಾಗೇ. ಭಾವ ಓಡಿಹೋಗಿ ಕೈಯಿಂದ ಚಕ್ರ ತಿರುಗಿಸಿ ಮುಚ್ಚುವಷ್ಟರಲ್ಲಿ ತೊಟ್ಟಿ ತುಂಬಿ ಹರಿದಿರುತ್ತಿತ್ತು. ಮೊದಮೊದಲು ಯಾರೂ ಕೇಳಲಿಲ್ಲ. ಕೊನೆಗೊಂದು ಸಲ ಗ್ರಹಚಾರಕ್ಕೆ ಮುಖ್ಯ ಇಂಜಿನಿಯರ್ ಸಾಹೇಬರು ಅಂಗಳದಲ್ಲೇ ನಿಂತಿದ್ದರು, ಅದೂ ಹೊಸ ಬೂಟು ಹಾಕಿಕೊಂಡು.

ಸೋಮವಾರ ಬೆಳಿಗ್ಗೆ ಭಾವನ ಕೈಗೆ ಮೆಮೊ ಬಂತು. ಕೆಲಸದ ವೇಳೆಯಲ್ಲಿ ನಿದ್ರೆ ಮಾಡಿ, ಮೊಣಕೈ ಕೀಲಿಮಣೆಯ ಮೇಲೆ ಊರಿ, ಪ್ರೋಗ್ರಾಂ ಮುಚ್ಚಿಹೋಗಲು ಕಾರಣರಾಗಿದ್ದೀರಿ. ಶುಕ್ರವಾರ ಸಂಜೆ ನಾಲ್ಕಕ್ಕೆ ವಿಚಾರಣೆ. ಆರೋಪ ನಿಜವಾದರೆ ಹಳೆಯ ಮೀಟರುಗಳ ಗೋದಾಮಿಗೆ ವರ್ಗ. ಗೋದಾಮೆಂದರೆ ಕಿಟಕಿಯಿಲ್ಲದ ಉದ್ದ ಕೋಣೆ. ಅಲ್ಲಿ ಸದ್ದು ಮಾಡುವ ವಸ್ತು ಒಂದೇ ಒಂದು ಇಲ್ಲ.

“ಮಲಗಿದ್ರಾ? ಇಲ್ಲ ತಾನೇ? ಇಲ್ಲ ಅಂತ ಬಾಯಿಬಿಟ್ಟು ಹೇಳ್ರೀ! ಅವರ ಮುಂದೆಯೂ ಹೀಗೇ ಕಂಬದ ಹಾಗೆ ನಿಂತಿರಾ?” ಎಂದು ಅಕ್ಕ ಚಹಾದ ಹೊತ್ತಿಗೆ ಹರಿಹಾಯ್ದಳು.

ಭಾವ ತಲೆಯಾಡಿಸಿದರು. ಅದು ಮಲಗಿರಲಿಲ್ಲ ಎಂದೋ, ಕಂಬದ ಹಾಗೆ ನಿಂತಿದ್ದೆ ಎಂದೋ ತಿಳಿಯಲಿಲ್ಲ.

“ನೀನಾದ್ರೂ ಏನಾದ್ರೂ ಮಾಡೇ,” ಎಂದು ಅಕ್ಕ ತಂಗಿಯ ಕಡೆ ತಿರುಗಿದಳು. “ಊರಿನ ಪ್ರೋಗ್ರಾಮುಗಳ ಹೆಣ ಎಲ್ಲ ಕೊಯ್ದು ನೋಡ್ತೀಯಲ್ಲ, ಇದೊಂದನ್ನ ನೋಡೋಕೆ ನಿಂಗೇನು ಕಷ್ಟ?”

ಕಷ್ಟ ಇದ್ದದ್ದೇ ಅಲ್ಲಿ. ಸಾಮಾನ್ಯ ಪ್ರೋಗ್ರಾಂ ಸತ್ತರೆ, ಸಾಯುವ ಕ್ಷಣದಲ್ಲಿ ಅದರ ನೆನಪಿನಲ್ಲಿ ಏನೇನಿತ್ತೋ ಅದರ ಪೂರ್ತಿ ನಕಲನ್ನು ಯಂತ್ರ ಒಂದು ಕಡತವಾಗಿ ಇಟ್ಟುಕೊಡುತ್ತದೆ. ತಿಳಿದವರು ಅದನ್ನು ಡಂಪ್ ಎನ್ನುತ್ತಾರೆ. ಪಂಚನಾಮೆ ಮೇಡಂ ಹೆಣ ಎನ್ನುತ್ತಾಳೆ. ಆದರೆ ವಾಲ್ವಿನ ಪ್ರೋಗ್ರಾಂ ಸಾಮಾನ್ಯದ್ದಲ್ಲ. ಭಾವ ತಮ್ಮ ಸಾದಾ ಲಾಗಿನ್ನಿನಿಂದ ಒಳಗೆ ಬಂದರೂ, ವಾಲ್ವುಗಳು ಯಂತ್ರದ ಯಜಮಾನನ ಮಾತು ಬಿಟ್ಟು ಬೇರೆ ಯಾರ ಮಾತೂ ಕೇಳುವುದಿಲ್ಲ. ಹಾಗಾಗಿ ಆ ಪ್ರೋಗ್ರಾಂ ಓಡುವಷ್ಟು ಹೊತ್ತೂ ಯಜಮಾನನ ಅಧಿಕಾರದಲ್ಲೇ ಓಡುತ್ತದೆ. ಯಜಮಾನನ ಬೀಗದ ಕೈಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡ ಆಳಿನ ಹಾಗೆ. ಅಂಥ ಆಳು ಬೀದಿಯಲ್ಲಿ ಸತ್ತರೆ ಕೈಗೊಂಚಲು ಕಂಡವರ ಪಾಲಾಗುತ್ತದೆ. ಗುಪ್ತಪದಗಳೂ ಅವರಿವರ ಗುಟ್ಟುಗಳೂ ಅದರ ಹೊಟ್ಟೆಯೊಳಗೆ ಇರುತ್ತವೆ. ಆದ್ದರಿಂದ ಇಂಥವು ಸತ್ತರೆ ಹೆಣವನ್ನೇ ಉಳಿಸಬಾರದು ಎಂಬುದು ಯಂತ್ರದ ನಿಯಮ. ನಿಯಮ ಮಾಡಿದವರೇನೂ ದಡ್ಡರಲ್ಲ ಎಂದು ಆಕೆಯೇ ಒಪ್ಪುತ್ತಾಳೆ.

ನಿಯಮವನ್ನು ಸಡಿಲಿಸುವ ದಾರಿಯೂ ಉಂಟು. ಯಂತ್ರದಲ್ಲಿ ಒಂದು ಅಂಕಿ ಇದೆ. ಸೊನ್ನೆಯಾದರೆ ಹೆಣವೇ ಇಲ್ಲ. ಒಂದಾದರೆ ಹೆಣ ಬಯಲಲ್ಲಿ ಬಿದ್ದಿರುತ್ತದೆ, ಯಾರು ಬೇಕಾದರೂ ಜೇಬು ತಡಕಬಹುದು. ಎರಡಾದರೆ ಹೆಣ ಸಿಗುತ್ತದೆ, ಮುಟ್ಟುವ ಹಕ್ಕು ಯಜಮಾನನಿಗೆ ಮಾತ್ರ. ಅವಸರದಲ್ಲಿದ್ದವರು ಒಂದನ್ನು ಒತ್ತಿ ಕೈ ತೊಳೆದುಕೊಳ್ಳುತ್ತಾರೆ. ಭಾವನ ಕುತ್ತಿಗೆಗೆ ಬಂದಿದ್ದರೂ ಈಕೆ ಅಷ್ಟು ಕೆಳಗಿಳಿಯಲಿಲ್ಲ. ಎರಡೇ ಬೇಕೆಂದು ಸಾಹೇಬರ ಮುಂದೆ ಅರ್ಜಿ ಹಿಡಿದು ನಿಂತಳು.

ಸಾಹೇಬರು ಕನ್ನಡಕದ ಮೇಲಿನಿಂದ ನೋಡಿದರು. “ಆತ ನಿಮ್ಮ ಭಾವ ಅಲ್ವೇನಮ್ಮ?”

“ಹೌದು ಸಾರ್. ಮಲಗಿದ್ದರು ಅಂತ ಹೆಣ ಹೇಳಿದ್ರೆ ಅದನ್ನೂ ನಾನೇ ಬರೆದು ಕೊಡ್ತೀನಿ.”

ಮನುಷ್ಯ ಸಿಡುಕ, ಆದರೆ ಕೆಟ್ಟವನಲ್ಲ. ಮೂರು ಷರತ್ತು ಹಾಕಿ ಸಹಿ ಮಾಡಿದರು. ಕಡತವನ್ನು ಆಕೆ ಬಿಟ್ಟು ಯಾರೂ ಮುಟ್ಟಬಾರದು. ತೆರೆಯುವಾಗ ತಾವು ಪಕ್ಕದಲ್ಲಿರಬೇಕು. ನೋಡಿ ಮುಗಿದ ಕೂಡಲೇ ಅಳಿಸಬೇಕು.

ಮಂಗಳವಾರ ಆಕೆ ಅಂಕಿಯನ್ನು ಎರಡು ಮಾಡಿ ಬಂದಳು. ಮಧ್ಯಾಹ್ನ ಎರಡು ಐವತ್ತಕ್ಕೆ ಪ್ರೋಗ್ರಾಂ ಹೇಳಿ ಕಳಿಸಿದಂತೆ ಸತ್ತಿತು. ಹೆಣ ಇಲ್ಲ. ಯಂತ್ರದ ದಿನಚರಿ ತೆಗೆದು ನೋಡಿದರೆ ಅಲ್ಲಿ ಸ್ಪಷ್ಟವಾಗಿ ಬರೆದಿತ್ತು, ಇಂಥ ಹೆಣವನ್ನು ಎಲ್ಲೆಂದರಲ್ಲಿ ಇಡಲಾಗದು, ಮೊದಲಿನಿಂದ ಕೊನೆಯ ತನಕ ಪೂರ್ತಿ ವಿಳಾಸ ಕೊಟ್ಟರೆ ಮಾತ್ರ ಇಡುತ್ತೇನೆ ಎಂದು. ಆಕೆ ಕೊಟ್ಟದ್ದು ಕಡತದ ಬರೀ ಹೆಸರು, ಅದನ್ನಿಡುವ ಜಾಗ ಹೇಳಿರಲಿಲ್ಲ. ಹದಿನೈದು ವರ್ಷದ ಅನುಭವಸ್ಥೆ, ಹಣೆ ಚಚ್ಚಿಕೊಂಡಳು.

ಬುಧವಾರ ಪೂರ್ತಿ ವಿಳಾಸ ಕೊಟ್ಟಳು. ಗುಟ್ಟಿನ ವಸ್ತು ಬಹಳ ದಿನ ಉಳಿಯಬಾರದೆಂಬ ಎಚ್ಚರದಿಂದ ತಾತ್ಕಾಲಿಕ ಕಡತಗಳ ಜಾಗವನ್ನೇ ಗೊತ್ತು ಮಾಡಿದಳು. ಯಂತ್ರ ಆರಿಸಿ ಹಚ್ಚಿದರೆ ಆ ಜಾಗ ತಾನಾಗಿ ಖಾಲಿಯಾಗುತ್ತದೆ. ಎರಡು ಮುಕ್ಕಾಲಿಗೆ ಭಾವನ ಫೋನು ಬಂತು. “ಹೋಯ್ತು,” ಎಂದರು ಭಾವ, ಇಟ್ಟರು. ಆಕೆ ಸ್ಕೂಟರ್ ಹತ್ತಿ ಹಾರಿದಳು. ಹೋಗಿ ನೋಡಿದರೆ ಪ್ರೋಗ್ರಾಂ ಏನೂ ಆಗಿಲ್ಲವೆಂಬಂತೆ ಓಡುತ್ತಿದೆ, ಹೆಣದ ಜಾಗ ಗುಡಿಸಿ ಸಾರಿಸಿದ ಹಾಗಿದೆ.

“ಭಾವ, ಅದು ಸತ್ತ ತಕ್ಷಣ ನೀವು ಏನು ಮಾಡಿದ್ರಿ?”

ಭಾವ ತೋರುಬೆರಳು ಎತ್ತಿ ಗೋಡೆ ತೋರಿಸಿದರು. ಗೋಡೆಯ ಮೇಲೆ ಕಾಗದವೊಂದು ಅಂಟಿತ್ತು. ‘ಪ್ರೋಗ್ರಾಂ ನಿಂತರೆ ಗಾಬರಿಯಾಗಬೇಡಿ. ಯಂತ್ರ ಆರಿಸಿ, ಹತ್ತರ ತನಕ ಎಣಿಸಿ, ಮತ್ತೆ ಹಚ್ಚಿ. ತಪ್ಪದೆ ಪಾಲಿಸಿ.’ ‘ತಪ್ಪದೆ’ ಎಂಬುದರ ಕೆಳಗೆ ಎರಡು ಗೆರೆ. ಅದರ ಕೆಳಗೆ ಆಕೆಯದೇ ಸಹಿ.

“ಹತ್ತರ ತನಕ ಎಣಿಸಿದ್ರಾ?”

“ಹನ್ನೆರಡು,” ಎಂದರು ಭಾವ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಕೆ ಕಾಗದವನ್ನು ಪರಪರನೆ ಕಿತ್ತು ಕೈಚೀಲಕ್ಕೆ ತುರುಕಿದಳು. ಹೆಣಕ್ಕೆ, ಯಂತ್ರ ಆರಿಸಿದರೂ ಅಳಿಯದ, ಬೀಗ ಹಾಕಿದ ಬೇರೆ ಜಾಗ ಗೊತ್ತು ಮಾಡಿದಳು. ಅಂಕಿಯೂ ವಿಳಾಸವೂ ಯಂತ್ರ ಹೊತ್ತಿದಾಗಲೆಲ್ಲ ತಾವಾಗಿ ಕೂರುವಂತೆ ಬರೆದಿಟ್ಟಳು. “ನಾಳೆ ನಾನೇ ಬಂದು ಪಕ್ಕದಲ್ಲಿ ಕೂರ್ತೀನಿ. ಸತ್ತರೆ ವಾಲ್ವಿನ ಕಡೆ ಓಡಿ, ಯಂತ್ರ ಮಾತ್ರ ಮುಟ್ಟಬೇಡಿ.”

ಗುರುವಾರ ಮಧ್ಯಾಹ್ನ ಒಂದೂವರೆಗೇ ಹೋಗಿ ಸ್ಟೂಲು ಎಳೆದುಕೊಂಡು ಕೂತಳು. ಅಂದು ಆಕೆ ಕಣ್ಣಾರೆ ಕಂಡಳು, ಭಾವ ಮಲಗುವವರಲ್ಲ. ಊಟದ ಡಬ್ಬಿ ಮುಚ್ಚಿದವರೇ ಎದ್ದು ಒಂದೊಂದು ಪಂಪಿನ ಮೈಮೇಲೂ ಅಂಗೈ ಇಟ್ಟು ಕಿವಿಗೊಟ್ಟು ಬಂದರು. ಆದರೆ ಕಂಡ ಮಾತ್ರಕ್ಕೆ ಏನು? ನಾದಿನಿಯ ಸಾಕ್ಷಿ ಯಾವ ವಿಚಾರಣೆಯಲ್ಲಿ ನಡೆಯುತ್ತದೆ? ಎರಡೂವರೆಗೆ ಕಂಪ್ಯೂಟರಿನ ಮುಂದೆ ಕೂತ ಭಾವ ಓರೆಗಣ್ಣಿನಿಂದ ಆಕೆಯ ಕಡೆ ನೋಡಿದರು. ಮೊಣಕೈ ಅಡ್ಡ ಇಟ್ಟು ಏನೋ ನಾಲ್ಕಕ್ಷರ ಒತ್ತಿ ಎದ್ದುಬಿಟ್ಟರು. ಆಕೆ ಬಗ್ಗಿ ನೋಡಿದಳು. ‘ಎಲ್ಲ ಸರಿ.’ ಪ್ರೋಗ್ರಾಂ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿ ಓಡುತ್ತಲೇ ಇತ್ತು.

“ಸಾಯಿ, ಸಾಯೋ ಪುಣ್ಯಾತ್ಮ!” ಎಂದು ಆಕೆ ಪರದೆಗೆ ಕೈಮುಗಿದಳು. ಮೂರು ಹೊಡೆಯಿತು. ಮುಂದಿನ ಪಾಳಿಯವನು ಬಂದ. ಸಾಯಬಾರದ ದಿನಗಳಲ್ಲೆಲ್ಲ ಸತ್ತ ದರಿದ್ರದ್ದು ಸಾಯಬೇಕಾದ ದಿನ ದೀರ್ಘಾಯುಷಿಯಾಗಿತ್ತು.

ಆ ಸಂಜೆ ಚಹಾದ ಮೇಜಿನ ಬಳಿ ಅಕ್ಕ ಕೂಡ ಎಂದಿನ ಅರ್ಧದಷ್ಟೇ ಮಾತಾಡಿದಳು. ಭಾವ ಲೋಟ ತೊಳೆದಿಟ್ಟು, ಯಾಕೋ ಅಡುಗೆಮನೆಯ ನಲ್ಲಿಯನ್ನು ಮೂರು ಸಲ ತೆರೆದು ಮುಚ್ಚಿ, ಅದರ ಸದ್ದು ಕೇಳಿ ಮಲಗಲು ಹೋದರು. ಅದನ್ನು ನೋಡಿ ತಂಗಿಗೆ, ಗೋದಾಮಿನಲ್ಲಿ ಈ ಮನುಷ್ಯ ಬದುಕಲಾರರು ಎಂದು ಖಂಡಿತವಾಯಿತು.

ಶುಕ್ರವಾರ ಎರಡು ಗಂಟೆ ಐವತ್ತೆಂಟು ನಿಮಿಷಕ್ಕೆ ಫೋನು ಬಡಿದುಕೊಂಡಿತು.

“ಹೋಯ್ತು.”

“ಯಂತ್ರ ಮುಟ್ಟಿದ್ರಾ?”

“ಇಲ್ಲ. ವಾಲ್ವ್ ಮುಚ್ಚಿದೆ.” ಭಾವನ ಲೆಕ್ಕದಲ್ಲಿ ಅದು ಭಾಷಣ.

ಹೆಣ ಇತ್ತು! ಬೀಗ ಹಾಕಿದ ಜಾಗದಲ್ಲಿ, ಯಜಮಾನನ ಹೆಸರಿನಲ್ಲಿ, ತಾಜಾ. ಆಕೆ ತನ್ನ ಮೇಜಿನಿಂದಲೇ ಅದನ್ನು ಕಂಡು ಕುರ್ಚಿಯಿಂದ ಎದ್ದು ಒಂದು ಸುತ್ತು ತಿರುಗಿದಳು. ಆ ಸುತ್ತನ್ನು ಕುಣಿತ ಎಂದು ಕರೆದವರೂ ಇದ್ದಾರೆ. ನಾಲ್ಕಕ್ಕೆ ಸಾಹೇಬರ ಕೋಣೆಯಲ್ಲಿ ಮೂವರು ಸೇರಿದರು. ಮೇಜಿನ ಹಿಂದೆ ಸಾಹೇಬರು, ಪರದೆಯ ಮುಂದೆ ಆಕೆ, ಬಾಗಿಲ ಬಳಿಯ ಬೆಂಚಿನ ತುದಿಯಲ್ಲಿ ಭಾವ. ಸಾಹೇಬರು ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದ ಮೇಲೆಯೇ ಆಕೆ ಕಡತ ತೆರೆದದ್ದು.

“ಮೊಣಕೈ ಅಲ್ಲ ಸಾರ್. ನೋಡಿ, ಪಾಳಿ ಟಿಪ್ಪಣಿ ಉಳಿಸೋಕೆ ಹೋಗುವಾಗ ಸತ್ತಿದೆ. ಟಿಪ್ಪಣಿಗೆ ಯಂತ್ರದ ನೆನಪಿನಲ್ಲಿ ಆರುನೂರು ಮನೆ ಇಟ್ಟಿದ್ದಾರೆ. ಇಂಗ್ಲಿಷ್ ಅಕ್ಷರ ಆದ್ರೆ ಒಂದಕ್ಕೆ ಒಂದು ಮನೆ ಸಾಕು. ನಮ್ಮ ಅಕ್ಷರಕ್ಕೆ ಮೂರು ಬೇಕು, ಒತ್ತಕ್ಷರ ಬಂದ್ರೆ ಒಂಬತ್ತು. ಉದ್ದ ಬರೆದ್ರೆ ಪಕ್ಕದ ಮನೆಗೆ ನುಗ್ಗುತ್ತೆ, ಅಲ್ಲಿದ್ದದ್ದನ್ನ ತುಳಿದುಹಾಕುತ್ತೆ, ಸಾಯುತ್ತೆ.”

“ಉದ್ದ? ಈತನೇ?” ಸಾಹೇಬರು ಬೆಂಚಿನ ಕಡೆ ತಿರುಗಿ ನೋಡಿದರು. “ಈತ ನನಗೆ ನಮಸ್ಕಾರ ಅನ್ನೋದನ್ನೂ ಅರ್ಧಕ್ಕೆ ನಿಲ್ಲಿಸ್ತಾನಲ್ಲಮ್ಮ! ಉಳಿದವರ ಪಾಳಿಯಲ್ಲಿ ಯಾಕೆ ಸಾಯಲ್ಲ?”

“ಉಳಿದವರು ಓಕೆ ಅಂತ ಬರೆದು ಮನೆಗೆ ಹೋಗ್ತಾರೆ ಸಾರ್.”

ಮಾತಾಡುತ್ತಲೇ ಆಕೆ ಕಡತದಲ್ಲಿದ್ದ ಅಂಕಿಗಳನ್ನು ಅಕ್ಷರವಾಗಿಸುವ ಆಜ್ಞೆ ಕೊಟ್ಟಿದ್ದಳು. ಪರದೆಯ ಮೇಲೆ ಮೊದಲ ಎರಡು ಸಾಲು ಮೂಡಿದವು. ಓದಿದವಳೇ ತಟ್ಟನೆ ಅಂಗೈಯಿಂದ ಪರದೆ ಮುಚ್ಚಿದಳು. ಇಂಥ ಹೆಣದ ಹೊಟ್ಟೆಯಲ್ಲಿ ಗುಟ್ಟಿರುತ್ತದೆ ಎಂದು ಎಷ್ಟು ಜನರಿಗೆ ಪಾಠ ಹೇಳಿದ್ದಳೋ, ಅದು ತನ್ನ ಭಾವನ ಮನಸ್ಸೇ ಆಗಿರಬಹುದೆಂದು ಎಣಿಸಿರಲಿಲ್ಲ. ತೋರಿಸದಿದ್ದರೆ ಎಚ್ಚರವಿದ್ದರೆಂಬುದಕ್ಕೆ ಪುರಾವೆ ಇಲ್ಲ. ತೋರಿಸಿದರೆ ಇಪ್ಪತ್ತೆರಡು ವರ್ಷ ಬಾಯಿ ಬಿಡದ ಮನುಷ್ಯ ಬಯಲಾಗುತ್ತಾರೆ.

“ಭಾವ,” ಎಂದಳು, “ನೀವು ಬರೆದಿದ್ದೆಲ್ಲ ಇದರೊಳಗಿದೆ. ಪೂರ್ತಿ. ಸಾಹೇಬರಿಗೆ ತೋರಿಸ್ಲಾ? ನೀವು ಬೇಡ ಅಂದ್ರೆ ಈಗಲೇ ಅಳಿಸ್ತೀನಿ, ಆಮೇಲೆ ಆಗಿದ್ದಾಗಲಿ.”

ಭಾವನ ಕಿವಿ ಕೆಂಪಾದವು. ತಲೆಯಾಡಿಸಿದರು. ಈ ಸಲ ಅದು ಹೌದೋ ಅಲ್ಲವೋ ಎಂಬ ಅನುಮಾನ ಬರಲಿಲ್ಲ. ಆಕೆ ಕೈ ತೆಗೆದಳು.

‘ಎರಡು ಹತ್ತಕ್ಕೆ ಮೂರನೆಯ ಪಂಪಿನ ಬೇರಿಂಗ್ ಸದ್ದು ಸಣ್ಣಗೆ ಬದಲಾಗಿದೆ. ಎರಡು ಇಪ್ಪತ್ತೈದಕ್ಕೆ ನಾಲ್ಕನೆಯ ವಾಲ್ವು ಬಿಗಿಯಾಗಿ ತಿರುಗಿತು, ಎಣ್ಣೆ ಬಿಟ್ಟಿದ್ದೇನೆ. ನಾಳೆಯಿಂದ ನಾನು ಇಲ್ಲಿ ಇರಲಿಕ್ಕಿಲ್ಲ, ಬರುವವರಿಗೆ ಒಂದು ಮಾತು. ಒಂದನೆಯ ಪಂಪು ಹೊರಡುವಾಗ ಮೂರು ಸಲ ಕೆಮ್ಮುತ್ತದೆ, ಹೆದರಬೇಡಿ. ನಾಲ್ಕನೆಯ ಸಲ ಕೆಮ್ಮಿದರೆ ಮಾತ್ರ ನಿಲ್ಲಿಸಿ. ಬೈಯಬೇಡಿ, ಅದಕ್ಕೂ ವಯಸ್ಸಾಗಿದೆ. ನಾದಿನಿ ಐದು ದಿನದಿಂದ ನನ್ನ ಸಲುವಾಗಿ ಊಟ ಬಿಟ್ಟು ಓಡಾಡುತ್ತಿದ್ದಾಳೆ, ಹೆಣ ಸಿಗದಿದ್ದರೂ ಅವಳ ಋಣ ದೊಡ್ಡದು. ಇಲ್ಲಿ ಪಂಪುಗಳ ಸದ್ದು, ಮನೆಯಲ್ಲಿ ನನ್ನ ಹೆಂಡತಿಯ ಮಾತು. ಎರಡರಲ್ಲಿ ಯಾವುದು ನಿಂತರೂ ನನಗೆ ಜೀವ ಬಾಯಿಗೆ ಬರುತ್ತದೆ. ಇದನ್ನು ಅವಳಿಗೆ ಒಮ್ಮೆಯೂ ಹೇಳಿಲ್ಲ. ಹೇಳೋಣವೆಂದರೆ ಅವಳು ಸಮಯ ಕೊಟ್ಟಿಲ್ಲ.’

ಇನ್ನೂ ಇತ್ತು. ಆರೂ ವಾಲ್ವುಗಳ ಸ್ವಭಾವ ಒಂದೊಂದಾಗಿ ಬರೆದಿದ್ದರು. ಸಾಹೇಬರು ಓದಿ ಮುಗಿಸಿ ಕನ್ನಡಕ ಒರೆಸಿಕೊಂಡರು. “ಒಂದು ತಿಂಗಳಿಂದ ಹೀಗೇ ಬರೀತಿದ್ದೀರಾ?”

“ಕೈ ಕೂತ ಮೇಲೆ,” ಎಂದರು ಭಾವ. ಮೊದಲ ಎರಡು ತಿಂಗಳು ಒಂದೇ ಬೆರಳಿನಲ್ಲಿ ಹುಡುಕಿ ಒತ್ತುತ್ತಿದ್ದರು, ಟಿಪ್ಪಣಿ ಚಿಕ್ಕದಿತ್ತು, ಪ್ರೋಗ್ರಾಮೂ ಬದುಕಿತ್ತು. ಬೆರಳು ಪಳಗಿತು, ಮಾತು ಹರಿಯಿತು, ತೊಟ್ಟಿಯೂ ಹರಿಯಿತು. ಅವರು ಬರೆದ ಒಳ್ಳೊಳ್ಳೆಯ ಟಿಪ್ಪಣಿಗಳು ಒಂದೂ ಉಳಿದಿರಲಿಲ್ಲ, ಉಳಿಸುವಾಗಲೇ ಪ್ರೋಗ್ರಾಂ ಸಾಯುತ್ತಿತ್ತಲ್ಲ. ನಿನ್ನೆ ಮಾತ್ರ ನಾದಿನಿ ಪಕ್ಕದಲ್ಲಿ ಕೂತಿದ್ದಕ್ಕೆ ನಾಚಿಕೆಯಾಗಿ ಎರಡೇ ಪದಕ್ಕೆ ನಿಲ್ಲಿಸಿದ್ದರು.

“ನನ್ನ ಬೂಟು ಹಾಳಾಗಿದ್ದು ಸಾಹಿತ್ಯದಿಂದ ಅಂದಂಗಾಯ್ತು,” ಎಂದು ಸಾಹೇಬರು ಮೆಮೊ ಎಳೆದುಕೊಂಡು ಅಡ್ಡಗೆರೆ ಹೊಡೆದರು. “ಮೇಡಂ, ಆರುನೂರು ಮನೆಯನ್ನ ಹತ್ತು ಸಾವಿರ ಮಾಡ್ಸಿ. ಉದ್ದ ಜಾಸ್ತಿಯಾದ್ರೆ ಸಾಯದೆ, ಸಾಕು ಅಂತ ಹೇಳೋ ಹಾಗೆ ಮಾಡ್ಸಿ. ಅಲ್ಲೀ ತನಕ ಆ ಹಳೇ ರಿಜಿಸ್ಟರು ಬೀರುವಿಂದ ತೆಗೆದು ಈತನ ಕೈಗೆ ಕೊಡಿ. ಮೂರನೇ ಪಂಪಿನ ಬೇರಿಂಗ್ ನಾಳೆನೇ ಬಿಚ್ಚಲಿ.”

ಷರತ್ತಿನಂತೆ ಆಕೆ ಅವರ ಕಣ್ಣೆದುರೇ ಹೆಣವನ್ನು ಅಳಿಸಿದಳು. ಒಂದು ಕ್ಷಣ ಬೆರಳು ತಡೆಯಿತು. ಇಷ್ಟು ಚೆಂದದ ಹೆಣ ಆಕೆಗೆ ಈ ಹದಿನೈದು ವರ್ಷದಲ್ಲಿ ಸಿಕ್ಕಿರಲಿಲ್ಲ. ಆದರೂ ಕೊಟ್ಟ ಮಾತು ಮಾತೇ. ಅಂಕಿಯನ್ನೂ ಮತ್ತೆ ಸೊನ್ನೆಗೆ ತಂದಳು.

ಮನೆಯಲ್ಲಿ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಗೆದ್ದ ಸುದ್ದಿ ಕೇಳಿ ತಂಗಿಯ ಕೆನ್ನೆ ಹಿಂಡಿದಳು, ಗಂಡನ ಬೆನ್ನಿಗೊಂದು ಗುದ್ದಿದಳು, ಮೂರು ಲೋಟಕ್ಕೆ ಚಹಾ ಸುರಿಯತೊಡಗಿದಳು. ಸುರಿಯುತ್ತಲೇ ತನಿಖೆ ಶುರುವಾಯಿತು.

“ಅಷ್ಟುದ್ದ ಬರೆದಿದ್ರಂತೆ? ಇವರಾ? ಏನು ಬರೆದಿದ್ರು? ನನ್ನ ಮೇಲೆ ದೂರು ತಾನೇ? ಹೇಳೇ!”

“ಅಳಿಸಿದೆ ಅಕ್ಕ. ಷರತ್ತು.”

“ಓದಿದ್ದೀಯಲ್ಲ, ಹೇಳು!”

“ಹೆಣದ ಹೊಟ್ಟೇಲಿದ್ದಿದ್ದು ಹೊರಗೆ ಹೇಳೋ ಹಾಗಿಲ್ಲ,” ಎಂದು ತಂಗಿ ಚಹಾ ಹೀರಿದಳು. “ಬರೆದವರು ಇಲ್ಲೇ ಕೂತಿದ್ದಾರಲ್ಲ, ಕೇಳು.”

“ಇವರನ್ನ ಕೇಳೋದೂ ಗೋಡೆಗೆ ಕೇಳೋದೂ ಒಂದೇ. ಮದುವೆಯಾದಾಗಿಂದ ನೋಡ್ತಿದ್ದೀನಿ, ಒಂದು ದಿನಕ್ಕೂ…”

“ನೀನು ಮಾತು ನಿಲ್ಲಿಸಿದ್ರೆ,” ಎಂದರು ಭಾವ.

ಅಕ್ಕ ತಿರುಗಿ ನೋಡಿದಳು. ಭಾವ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಕಿವಿ ಮತ್ತೆ ಕೆಂಪಾಗಿದ್ದವು.

“ನೀನು ಮಾತು ನಿಲ್ಲಿಸಿದ್ರೆ, ನಂಗೆ ನಾಲ್ಕೂ ಪಂಪು ಒಟ್ಟಿಗೆ ನಿಂತಷ್ಟು ಭಯ ಆಗುತ್ತೆ. ಅಂತ ಬರೆದಿದ್ದೆ.”

ಅಕ್ಕನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ತನ್ನ ಲೋಟಕ್ಕೆ ಬಗ್ಗಿಸುತ್ತಿದ್ದ ಚಹಾ ತುಂಬಿ ಮೇಜಿನ ಮೇಲೆ ಹರಿಯಿತು, ಯಾರೂ ಅದನ್ನು ನಿಲ್ಲಿಸಲಿಲ್ಲ. ಅಡುಗೆಮನೆಯಲ್ಲಿ ಅಕ್ಕನ ದನಿ ಇಷ್ಟು ಹೊತ್ತು ಇಲ್ಲದೆ ಇದ್ದದ್ದು ತಂಗಿಗೆ ನೆನಪೇ ಇಲ್ಲ. ಭಾವನ ಮುಖ ನೋಡುನೋಡುತ್ತಿದ್ದಂತೆ ಬಿಳಿಚಿತು. ಎದ್ದು ನಿಂತು ಹೆಂಡತಿಯ ಕೈ ಹಿಡಿದುಕೊಂಡರು.

“ಏನಾದ್ರೂ ಮಾತಾಡೇ,” ಎಂದರು.